ನೀರಿನ ಸರದಿ: ತಿರುಮೂರ್ತಿ ಬೆಟ್ಟಕ್ಕೆ ಒಂದು ದಿನದ ಪಯಣ

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ವಾರದ ಕೂಲಿ ಶನಿವಾರ ಸಂಜೆ ಕೈಸೇರುತ್ತದೆ. ಮರುದಿನ ಬೆಳಗ್ಗೆ ಪಲ್ಲಡದ ಮಾರ್ಗವಾಗಿ ಉಡುಮಲೈಪೇಟೆಯ ಕಡೆಗೆ ಹೊರಡುವ ಬಸ್ಸುಗಳಲ್ಲಿ ಹೊಲಿಗೆಯವರು, ಕಟಿಂಗ್ ಮಾಸ್ತರರು, ಚೆಕಿಂಗ್ ಕೆಲಸದ ಹೆಣ್ಣುಮಕ್ಕಳು, ಅವರ ಮಕ್ಕಳು ಮರಿಗಳು ಕಾಣಸಿಗುತ್ತಾರೆ. ಕೈಚೀಲದಲ್ಲಿ ಒಂದು ಟವೆಲು, ಒಂದು ಜೊತೆ ಒಣಬಟ್ಟೆ, ಒಂದು ಡಬ್ಬಿ ಪುಳಿಯೋಗರೆ ಅಥವಾ ಮೊಸರನ್ನ. ಅವರು ಹೋಗುವುದು ತಿರುಮೂರ್ತಿ ಬೆಟ್ಟಕ್ಕೆ. ದೇವರ ದರ್ಶನವೂ ಆಗುವುದು ನಿಜ. ಆದರೆ ಮನೆಯಿಂದ ಹೊರಡಿಸುವ ಆಸೆ ಬೇರೆ. ಹರಿಯುವ ನೀರಿನ ಕೆಳಗೆ ತಲೆಯೊಡ್ಡಿ, ಮನದಣಿಯೆ ಮಿಂದು ಬರಬೇಕು ಎಂಬುದೇ ಆ ಆಸೆ.

ಪಯಣ ದೂರದ್ದೇನಲ್ಲ. ಪಲ್ಲಡದ ಸುತ್ತಿನಲ್ಲಿ ವಿದ್ಯುತ್ ಮಗ್ಗಗಳ ಸದ್ದೂ ಕೋಳಿ ಸಾಕಣೆಯ ಉದ್ದನೆಯ ಕೊಟ್ಟಿಗೆಗಳೂ ಜೊತೆಗಿರುತ್ತವೆ. ದಕ್ಷಿಣಕ್ಕೆ ಸಾಗಿದಂತೆ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಬಲವಾಗುತ್ತದೆ. ಆ ಗಾಳಿಯನ್ನು ನೆಚ್ಚಿ ನಿಂತ ಗಾಳಿಯಂತ್ರಗಳು ಸಾಲುಸಾಲಾಗಿ ತಿರುಗುತ್ತಿರುತ್ತವೆ. ಉಡುಮಲೈಪೇಟೆ ದಾಟಿ ತಳಿಯ ಕಡೆಗೆ ತಿರುಗಿದರೆ ತೆಂಗಿನ ತೋಟಗಳು, ಕಾಲುವೆಗಳು, ಅವುಗಳ ಹಿಂದೆ ಗೋಡೆಯಂತೆ ಎದ್ದ ಆನೆಮಲೆಯ ಸಾಲು. ಉಡುಮಲೆಯಿಂದ ಸುಮಾರು 20 ಕಿಲೋಮೀಟರು ಕ್ರಮಿಸಿದರೆ ಬೆಟ್ಟದ ಬುಡ. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದೆಲ್ಲವೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಳಬರು ಇಂದಿಗೂ ಹಾಗೆಯೇ ಹೇಳುವುದುಂಟು.

ಬುಡದಲ್ಲಿ ಅಮಣಲಿಂಗೇಶ್ವರನ ಗುಡಿ. ಬೃಹತ್ತಾದ ಒಂದು ಬಂಡೆಯಲ್ಲಿಯೇ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಕಂಡು ಪೂಜಿಸುವ ಸ್ಥಳವಿದು. ಬೆಟ್ಟಕ್ಕೆ ಹೆಸರು ಬಂದದ್ದೂ ಆ ತ್ರಿಮೂರ್ತಿಗಳಿಂದಲೇ. ತಮಿಳಿನಲ್ಲಿ ‘ಅಮಣರ್’ ಎಂದರೆ ಜೈನರು. ಆದುದರಿಂದ ಇಲ್ಲಿ ಒಂದು ಕಾಲಕ್ಕೆ ಜೈನರ ನೆಲೆ ಇದ್ದಿರಬೇಕೆಂದು ಹೇಳುವವರಿದ್ದಾರೆ. ಶ್ರವಣಬೆಳಗೊಳದ ನಾಡಿನ ಮಾತನ್ನಾಡುವವರಿಗೆ ಈ ಹೆಸರು ಕಿವಿಗೆ ಬಿದ್ದಾಗ ಪರಿಚಿತರೊಬ್ಬರು ಸಿಕ್ಕಂತಾಗುತ್ತದೆ. ಗುಡಿಯ ಪಕ್ಕದಲ್ಲಿಯೇ ಹಳ್ಳ. ಮಳೆಗಾಲದಲ್ಲಿ ಅದು ಉಕ್ಕಿ ಗುಡಿಯನ್ನೇ ಸುತ್ತುವರಿಯುವುದುಂಟು. ಅಲ್ಲಿಂದ ಮೇಲಕ್ಕೆ ಕಾಡಿನ ನಡುವೆ ಕಾಲುದಾರಿ. ಕೋತಿಗಳ ಕಾವಲನ್ನು ದಾಟಿ, ಏದುಸಿರು ಬಿಡುತ್ತ ಏರಿದರೆ ಪಂಚಲಿಂಗ ಜಲಪಾತ.

ಈ ಯಾತ್ರಿಕರಲ್ಲಿ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುವವರು ಕಡಿಮೆಯೇನಲ್ಲ. ಕೊಯಮತ್ತೂರು ಸೀಮೆಯ ದೇವಾಂಗರು ಶತಮಾನಗಳಿಂದ ಇಲ್ಲಿ ಮಗ್ಗ ಹೂಡಿ ಬದುಕಿದವರು. ನೆಗಮಂ, ಸಿರುಮುಗೈಗಳ ಸೀರೆಗಳು ಅವರ ಕೈಯ ಕಸುಬು, ಚೌಡೇಶ್ವರಿ ಅವರ ಕುಲದೇವತೆ. ಮಗ್ಗವನ್ನು ಬಿಟ್ಟು ತಿರುಪ್ಪೂರಿನ ಕಂಪನಿಗಳಿಗೆ ಸೇರಿದ ಮನೆಗಳೂ ಇವೆ. ಬಿಸಿನೀರಿನ ಸ್ನಾನದ ಸಂಸ್ಕಾರವಂತೂ ಕನ್ನಡದ ಮನೆಗಳಿಗೆ ಹಿಂದಿನಿಂದಲೂ ಇರುವುದೇ. ದೀಪಾವಳಿಯ ಮುನ್ನಾದಿನ ‘ನೀರು ತುಂಬುವ ಹಬ್ಬ’ ಎಂದು ಒಂದು ದಿನವನ್ನೇ ಮೀಸಲಿಟ್ಟು, ಹಂಡೆಯನ್ನು ತೊಳೆದು, ಅದರ ಕೊರಳಿಗೆ ಹಾಗಲಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬಿಸಿಡುವ ಜನ ನಾವು. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಆ ನೀರಿನಲ್ಲಿ ಮೀಯುವುದು ಹಬ್ಬದ ಮೊದಲ ಸುಖ.

ತಿರುಪ್ಪೂರಿನ ಹೆಣಿಗೆಯ ಉಡುಪನ್ನು ಕೊಳ್ಳುವ ದೇಶಗಳಲ್ಲಿ ಜಪಾನೂ ಒಂದು. ಸ್ನಾನಕ್ಕಾಗಿಯೇ ಊರು ಬಿಟ್ಟು ಹೋಗಿ, ಒಂದು ರಾತ್ರಿ ತಂಗಿ ಬರುವುದನ್ನು ಆ ದೇಶದಷ್ಟು ನಿಷ್ಠೆಯಿಂದ ಬೆಳೆಸಿಕೊಂಡವರು ವಿರಳ. ನೆಲದೊಳಗಿನಿಂದ ಬಿಸಿಯಾಗಿಯೇ ಚಿಮ್ಮುವ ನೀರಿಗೆ ಅಲ್ಲಿ ‘ಒನ್ಸೆನ್’ ಎಂದು ಹೆಸರು. ಅದರ ಬಳಿ ಕಟ್ಟಿದ ಸಾಂಪ್ರದಾಯಿಕ ವಸತಿಗೃಹ ‘ರ್ಯೋಕಾನ್’. ಯಮನಾಶಿ ಪ್ರಾಂತದ ಕೆಯುನ್‌ಕಾನ್ ಎಂಬ ವಸತಿಗೃಹ ತನ್ನ ಹುಟ್ಟನ್ನು ಕ್ರಿ.ಶ. 705ಕ್ಕೆ ಕೊಂಡೊಯ್ಯುತ್ತದೆ, ಇಶಿಕಾವಾ ಪ್ರಾಂತದ ಅವಾಜುವಿನ ಹೋಶಿ 718ಕ್ಕೆ. ನಮ್ಮಲ್ಲಿ ಬಾದಾಮಿಯ ಚಾಲುಕ್ಯರು ಆಳುತ್ತಿದ್ದ ಕಾಲವದು.

ಹಿಂದೆ ಅಲ್ಲಿಯ ರೈತರು ಸುಗ್ಗಿ ಮುಗಿದ ಮೇಲೆ ಅಕ್ಕಿ ಕಟ್ಟಿಕೊಂಡು ಹೋಗಿ, ವಾರಗಟ್ಟಲೆ ಅಲ್ಲಿಯೇ ಬೇಯಿಸಿಕೊಂಡು ತಿಂದು, ಮೈನೋವು ಇಳಿಯುವವರೆಗೆ ಬಿಸಿನೀರಿನಲ್ಲಿ ಮಿಂದು ಬರುತ್ತಿದ್ದರು. ಈಗಿನ ನೌಕರರಿಗೆ ಅಷ್ಟು ಬಿಡುವಿಲ್ಲ. ಒಂದು ರಾತ್ರಿ, ಎರಡು ಊಟ: ಇದು ಇಂದಿನ ಲೆಕ್ಕ. ಮಧ್ಯಾಹ್ನ ಮೂರರ ಹೊತ್ತಿಗೆ ತಲುಪಿದವರು ಬಾಗಿಲಲ್ಲಿಯೇ ಪಾದರಕ್ಷೆ ಬಿಡುತ್ತಾರೆ. ಹುಲ್ಲಿನ ಚಾಪೆ ಹಾಸಿದ ಕೋಣೆಯಲ್ಲಿ ಚಹಾ ಕುಡಿದು, ‘ಯುಕತ’ ಎಂಬ ಹತ್ತಿಯ ನಿಲುವಂಗಿ ತೊಟ್ಟು ಸ್ನಾನದ ಮನೆಗೆ ನಡೆಯುತ್ತಾರೆ. ಅಲ್ಲಿ ಮೊದಲ ನಿಯಮ ಒಂದೇ. ಗಿಡ್ಡ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ಮೈಯ ಕೊಳೆಯನ್ನೆಲ್ಲ ಪೂರ್ತಿ ತೊಳೆದುಕೊಂಡ ಬಳಿಕವೇ ಎಲ್ಲರ ತೊಟ್ಟಿಗೆ ಇಳಿಯಬೇಕು. ತೊಟ್ಟಿಯಿರುವುದು ಮೈ ತೊಳೆಯಲಿಕ್ಕಲ್ಲ, ನೀರಿನಲ್ಲಿ ಸುಮ್ಮನೆ ಕೂರಲಿಕ್ಕೆ. ಕೈಯಲ್ಲಿರುವ ಚಿಕ್ಕ ಟವೆಲನ್ನೂ ನೀರಿಗೆ ಅದ್ದುವಂತಿಲ್ಲ. ತನ್ನ ಹಿಂದೆ ಇಳಿಯುವವರಿಗೂ ಅದೇ ನೀರು ಎಂಬ ಎಚ್ಚರದಿಂದ ಹುಟ್ಟಿದ ಮರ್ಯಾದೆಯಿದು. ಹೊರಡುವಾಗ ಕೊಡುವ ಲೆಕ್ಕದ ಚೀಟಿಯಲ್ಲಿ ಸ್ನಾನದ ತೆರಿಗೆ ಎಂದು ತಲೆಗೆ ಸಾಮಾನ್ಯವಾಗಿ 150 ಯೆನ್ ಸೇರಿರುತ್ತದೆ. ಆ ಹಣ ಸ್ಥಳೀಯ ಆಡಳಿತಕ್ಕೆ ಸಂದು, ಬುಗ್ಗೆಯ ರಕ್ಷಣೆ, ನೈರ್ಮಲ್ಯ, ಅಗ್ನಿಶಾಮಕ ವ್ಯವಸ್ಥೆ ಮೊದಲಾದವುಗಳಿಗೆ ವಿನಿಯೋಗವಾಗಬೇಕೆಂದು ವಿಧಿಸಲಾಗಿದೆ.

ಕನ್ನಡನಾಡಿನಲ್ಲಿಯೂ ಇಂಥ ಬುಗ್ಗೆ ಇಲ್ಲವೆನ್ನುವಂತಿಲ್ಲ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ, ಕಾಸರಗೋಡಿನ ಗಡಿಗೆ ಸಮೀಪದಲ್ಲಿ, ‘ಬೆಂದ್ರು ತೀರ್ಥ’ವೆಂಬ ಬೆಚ್ಚನೆಯ ನೀರಿನ ಕೊಳವಿದೆ, ಹೆಸರೇ ಬೆಂದ ನೀರಿನ ಕಥೆ ಹೇಳುತ್ತದೆ. ಆದರೆ ಅಲ್ಲಿ ಬೆಳೆದದ್ದು ತೀರ್ಥಸ್ನಾನದ ಪದ್ಧತಿಯೇ ಹೊರತು ವಸತಿಗೃಹಗಳ ಊರಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗಂತೂ ಬೆಟ್ಟದಿಂದಿಳಿಯುವ ತಣ್ಣೀರೇ ಗತಿ.

ಇಲ್ಲಿ ಒಂದು ವಿನೋದವುಂಟು. ಜಪಾನಿನ ಒನ್ಸೆನ್ ಕಾಯಿದೆ 1948ರದ್ದು. ಅದರ ವ್ಯಾಖ್ಯೆಯ ಪ್ರಕಾರ ನೆಲದೊಳಗಿನಿಂದ ಬರುವ ನೀರು 25 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆಯಿಲ್ಲದೆ ಬಿಸಿಯಿದ್ದರೆ ಸಾಕು. ಇಲ್ಲವೇ ಗೊತ್ತುಪಡಿಸಿದ 19 ವಸ್ತುಗಳಲ್ಲಿ ಯಾವುದಾದರೂ ಒಂದು ನಿಗದಿತ ಪ್ರಮಾಣದಲ್ಲಿ ಬೆರೆತಿದ್ದರೂ ಸಾಕು. ಆ ಕಾಯಿದೆ ತಿರುಪ್ಪೂರಿಗೆ ಅನ್ವಯಿಸುವಂತಿದ್ದರೆ ಇಲ್ಲಿನ ಬಹುತೇಕ ಕೊಳವೆಬಾವಿಗಳು ಬಿಸಿನೀರ ಬುಗ್ಗೆಗಳೆಂದೇ ಗಣನೆಗೆ ಬರುತ್ತಿದ್ದವು. ಈ ಸೀಮೆಯ ನೆಲದಾಳದ ನೀರೇ ಅಷ್ಟು ಬೆಚ್ಚಗಿರುತ್ತದೆ. ಲವಣದ ಅಂಶವನ್ನು ಎಣಿಸಿದರಂತೂ ಅರ್ಹತೆ ಇನ್ನೂ ಹೆಚ್ಚು.

ಆ ಮಾತಿಗೆ ನಗು ಬರಬಹುದು. ಆದರೆ ಲವಣ ಎಲ್ಲಿಂದ ಬಂತೆಂದು ಕೇಳಿದರೆ ನಗು ಉಳಿಯದು. ತಿರುಪ್ಪೂರಿನಲ್ಲಿ ಬಿಸಿನೀರೆಂದರೆ ಮೊದಲು ನೆನಪಿಗೆ ಬರುವುದು ಸ್ನಾನವಲ್ಲ, ಬಣ್ಣ ಹಾಕುವ ಸಾಯಪಟ್ಟರೆಗಳು. ಹತ್ತಿಯ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ನೀರನ್ನು ಕಾಯಿಸಬೇಕು, ಅದಕ್ಕೆ ಹೇರಳವಾಗಿ ಉಪ್ಪು ಸುರಿಯಬೇಕು. ಬಣ್ಣ ಬಟ್ಟೆಗೆ ಹಿಡಿಯುತ್ತದೆ; ಉಪ್ಪು ನೀರಿನಲ್ಲಿಯೇ ಉಳಿಯುತ್ತದೆ. ವರ್ಷಾನುಗಟ್ಟಲೆ ಆ ನೀರು ನೊಯ್ಯಲ್ ನದಿಗೆ ಹರಿಯಿತು. ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ಕೆಳಗಿನ ಊರುಗಳ ಬಾವಿಗಳು ಉಪ್ಪಾದವು, ಬೆಳೆ ಬಾಡಿತು. ವೆಳ್ಳಿಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಪೇರೂರಿನ ಪಟ್ಟೀಶ್ವರನ ಪಾದದೆಡೆಯಲ್ಲಿ ಹರಿದು, ಪುಣ್ಯನದಿಯೆನಿಸಿಕೊಂಡಿದ್ದ ನೊಯ್ಯಲಿನಲ್ಲಿ ಕಾಲಿಡಲೂ ಹಿಂಜರಿಯುವ ದಿನಗಳು ಬಂದವು. ತಿರುಪ್ಪೂರಿನ ಕುಟುಂಬವೊಂದು ತನ್ನೂರಿನ ನದಿಯನ್ನು ದಾಟಿ, ಎರಡು ಗಂಟೆ ಬಸ್ಸಿನಲ್ಲಿ ಕುಳಿತು, ಮೀಯಲು ತಿರುಮೂರ್ತಿ ಬೆಟ್ಟಕ್ಕೆ ಹೋಗುವುದರ ಹಿಂದೆ ಈ ಕಥೆಯೂ ಇದೆ.

ನೀರು ಯಾರದು ಎಂಬ ಪ್ರಶ್ನೆ ಸ್ನಾನದ ಊರುಗಳಿಗೆ ಹೊಸದಲ್ಲ. ಜಪಾನಿನ ಸ್ನಾನದ ಊರುಗಳೂ ಅದಕ್ಕಾಗಿ ನ್ಯಾಯಾಲಯ ಹತ್ತಿವೆ. ಹ್ಯೋಗೋ ಪ್ರಾಂತದ ಕಿನೋಸಾಕಿಯಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿವೆ. ಯಾವ ವಸತಿಗೃಹದಲ್ಲಿ ತಂಗಿದವರೂ ಯುಕತ ತೊಟ್ಟು, ಮರದ ಪಾದುಕೆ ಟಕಟಕ ಎನಿಸುತ್ತ, ಹೊಳೆಯ ಬದಿಯ ಮರಗಳ ಸಾಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆದು ಮೀಯುವುದು ಅಲ್ಲಿಯ ಸಂಪ್ರದಾಯ. 1925ರ ಭೂಕಂಪದಲ್ಲಿ ಆ ಊರು ನೆಲಸಮವಾಯಿತು. ಮತ್ತೆ ಕಟ್ಟಿಕೊಂಡಾಗ ವಸತಿಗೃಹವೊಂದು ತನ್ನ ಅಂಗಳದಲ್ಲಿಯೇ ಬಿಸಿನೀರನ್ನು ಕಂಡು ಒಳಗೊಂದು ಸ್ನಾನದ ಮನೆ ಮಾಡಿಕೊಂಡಿತು. ಬುಗ್ಗೆ ಊರಿನದು, ಒಬ್ಬರದಲ್ಲ ಎಂದು ಊರವರು ವ್ಯಾಜ್ಯ ಹೂಡಿದರು. ವ್ಯಾಜ್ಯ ವರ್ಷಗಟ್ಟಲೆ ಎಳೆದು, ಕೊನೆಗೆ 1950ರಲ್ಲಿ ರಾಜಿಯಾಯಿತು. ಇಂದು ಅಲ್ಲಿ ವಸತಿಗೃಹಗಳ ಒಳಗೂ ಚಿಕ್ಕ ಸ್ನಾನದ ಮನೆಗಳಿವೆ. ಏಳು ಸಾರ್ವಜನಿಕ ಸ್ನಾನಗೃಹಗಳೂ ಉಳಿದಿವೆ.

ಇನ್ನೊಂದು ವ್ಯಾಜ್ಯ ಅಲ್ಲಿಯ ಕಾನೂನು ವಿದ್ಯಾರ್ಥಿಗಳೆಲ್ಲರೂ ಓದುವಂಥದು. ತೊಯಾಮಾ ಪ್ರಾಂತದ ಉನಾಜುಕಿಯಲ್ಲಿ ಸ್ವಂತ ಬುಗ್ಗೆಯಿಲ್ಲ. ಸುಮಾರು ಏಳೂವರೆ ಕಿಲೋಮೀಟರು ದೂರದ ಕುರೊನಾಗಿ ಬುಗ್ಗೆಯಿಂದ ಮರದ ಕೊಳವೆಯಲ್ಲಿ ಬಿಸಿನೀರು ತಂದು ಆ ಊರನ್ನು ಬೆಳೆಸಿದರು. ಆ ಕೊಳವೆ ಒಂದೆಡೆ ಕಡಿದಾದ ಇಳಿಜಾರಿನಲ್ಲಿ ಬೇರೊಬ್ಬರ ಜಮೀನಿನ ಎರಡು ‘ತ್ಸುಬೋ’, ಅಂದರೆ ಸುಮಾರು 70 ಚದರಡಿ, ನೆಲವನ್ನು ಅನುಮತಿಯಿಲ್ಲದೆ ದಾಟುತ್ತಿತ್ತು. ಇದನ್ನರಿತ ಒಬ್ಬನು ಆ ಜಮೀನನ್ನು ಕೊಂಡುಕೊಂಡ. ಕೊಳವೆ ತೆಗೆಯಿರಿ, ಇಲ್ಲವಾದರೆ ಪಕ್ಕದ ನೆಲವನ್ನೂ ಸೇರಿಸಿ ಸುಮಾರು 3,000 ತ್ಸುಬೋವನ್ನು ನಾನು ಹೇಳಿದ ದುಬಾರಿ ಬೆಲೆಗೆ ಕೊಳ್ಳಿರಿ ಎಂದು ಕೊಳವೆಯ ಒಡೆತನ ಹೊಂದಿದ್ದ ರೈಲ್ವೆ ಸಂಸ್ಥೆಯ ಮೇಲೆ ದಾವೆ ಹೂಡಿದ. ಪತ್ರಗಳ ಪ್ರಕಾರ ಒಡೆತನ ಅವನದೇ, ಸಂದೇಹವಿಲ್ಲ. ಆದರೂ 1935ರ ಅಕ್ಟೋಬರ್ 5ರಂದು ಅಲ್ಲಿಯ ಅತ್ಯುನ್ನತ ನ್ಯಾಯಾಲಯ ಅವನ ಬೇಡಿಕೆಯನ್ನು ತಳ್ಳಿಹಾಕಿತು. ಅತಿಕ್ರಮಣದಿಂದ ಆಗಿರುವ ನಷ್ಟ ಅತ್ಯಲ್ಪ, ಕೊಳವೆ ತೆಗೆದರೆ ಆಗುವ ಹಾನಿ ಅಪಾರ, ಲಾಭಕ್ಕಾಗಿ ಹಕ್ಕನ್ನು ಹೀಗೆ ಆಯುಧವಾಗಿ ಬಳಸುವುದು ಹಕ್ಕಿನ ದುರುಪಯೋಗ ಎಂಬುದು ತೀರ್ಪಿನ ತಿರುಳು. 1947ರಲ್ಲಿ ಆ ತತ್ತ್ವವೇ ಜಪಾನಿನ ನಾಗರಿಕ ಸಂಹಿತೆಯ ಮೊದಲ ವಿಧಿಯಲ್ಲಿ ಸ್ಥಾನ ಪಡೆಯಿತು. ಉನಾಜುಕಿಯಲ್ಲಿ ಇಂದು ಆ ವ್ಯಾಜ್ಯದ ನೆನಪಿಗೆ ಕಲ್ಲೊಂದನ್ನು ನೆಟ್ಟಿದ್ದಾರೆ. ಮೀಯಲು ಬಂದವರು ಅದನ್ನೂ ನೋಡಿ ಹೋಗುತ್ತಾರೆ.

ನಮ್ಮ ಕಾನೂನು ಬೆಳೆದ ಹಾದಿ ಬೇರೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರಸಭೆ ಮತ್ತು ಪಿಕಲ್ಸ್ ಎಂಬುವನ ನಡುವಣ 1895ರ ಮೊಕದ್ದಮೆಯಲ್ಲಿ, ನಗರಕ್ಕೆ ಹೋಗುವ ಅಂತರ್ಜಲವನ್ನು ತನ್ನ ನೆಲದಲ್ಲಿ ತಡೆದವನ ಉದ್ದೇಶ ಎಂಥದೇ ಇರಲಿ, ಹಕ್ಕು ಹಕ್ಕೇ ಎಂದು ಲಾರ್ಡುಗಳ ಸಭೆ ತೀರ್ಮಾನಿಸಿತು. ಭಾರತದ 1882ರ ಅನುಭೋಗದ ಹಕ್ಕುಗಳ ಕಾಯಿದೆಯೂ, ಗೊತ್ತಾದ ಪಾತ್ರದಲ್ಲಿ ಹರಿಯದ ಅಂತರ್ಜಲವನ್ನು ನೆಲದ ಒಡೆಯ ತನ್ನ ಎಲ್ಲೆಯೊಳಗೆ ಸಂಗ್ರಹಿಸಿ ವಿನಿಯೋಗಿಸಬಹುದೆಂದು ಉದಾಹರಿಸುತ್ತದೆ. ತಮಿಳುನಾಡು 2003ರಲ್ಲಿ ಅಂತರ್ಜಲದ ನಿಯಂತ್ರಣಕ್ಕೊಂದು ಕಾಯಿದೆ ಮಾಡಿತು; 2013ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಜಪಾನಿನಲ್ಲಿಯಾದರೋ ಬಿಸಿನೀರಿಗಾಗಿ ನೆಲ ಕೊರೆಯಬೇಕಾದರೆ, ನೆಲ ತನ್ನದೇ ಆಗಿದ್ದರೂ, ಪ್ರಾಂತದ ರಾಜ್ಯಪಾಲರ ಅನುಮತಿ ಬೇಕು. ನೀರೆತ್ತಲು ಯಂತ್ರ ಹೂಡುವುದಕ್ಕೂ ಬೇಕು.

ಹಾಗೆಂದು ಇಲ್ಲಿ ನ್ಯಾಯ ಮಲಗಿತ್ತೆನ್ನಲಾಗದು. ನೊಯ್ಯಲ್ ಕೆಳಹರಿವಿನ ರೈತರು ಸಂಘ ಕಟ್ಟಿಕೊಂಡು ಮದ್ರಾಸು ಉಚ್ಚ ನ್ಯಾಯಾಲಯದ ಮೊರೆ ಹೊಕ್ಕರು. ಬಣ್ಣದ ಕಾರ್ಖಾನೆಗಳವರ ಮೇಲ್ಮನವಿಯ ಮೇಲೆ 2009ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಕೆಡಿಸಿದವರೇ ದಂಡ ತೆರಬೇಕು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಆದೇಶ ಪಾಲನೆಯಾಗದಿದ್ದಾಗ 2011ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ಬಣ್ಣದ ಘಟಕಗಳನ್ನು ಮುಚ್ಚಲು ಆಜ್ಞಾಪಿಸಿತು. ಊರು ಒಮ್ಮೆಲೇ ಸ್ತಬ್ಧವಾಯಿತು. ದೂರದೂರದಿಂದ ಬಂದಿದ್ದ ಕೂಲಿಗಳು ಗಂಟುಮೂಟೆ ಕಟ್ಟಿದರು. ಬಣ್ಣವನ್ನೇ ನೆಚ್ಚಿದ ಮನೆಗಳಲ್ಲಿ ಒಲೆ ಹತ್ತುವುದು ಕಷ್ಟವಾಯಿತು. ಒಂದೆಡೆ ರೈತನ ಬಾವಿ, ಇನ್ನೊಂದೆಡೆ ಕೂಲಿಯವನ ಶನಿವಾರದ ಸಂಬಳ, ಎರಡೂ ನ್ಯಾಯವೇ. ಬಳಸಿದ ನೀರನ್ನು ಶುದ್ಧಗೊಳಿಸಿ ಮರಳಿ ಬಳಸಬೇಕು, ಹೊರಗೆ ಒಂದು ಹನಿಯನ್ನೂ ಬಿಡಬಾರದು ಎಂಬ ಕಟ್ಟಳೆಗೆ ಒಪ್ಪಿಕೊಂಡ ಮೇಲೆಯೇ ಘಟಕಗಳು ಕ್ರಮೇಣ ಬಾಗಿಲು ತೆರೆದವು. ಕಿನೋಸಾಕಿಯಂತೆ ಇಲ್ಲಿಯೂ ತಡವಾಗಿ ಬಂದ ಒಪ್ಪಂದವಿದು. ವ್ಯತ್ಯಾಸವೆಂದರೆ, ಅಲ್ಲಿ ವ್ಯಾಜ್ಯ ಮುಗಿಯುವಾಗ ನೀರು ಚೆನ್ನಾಗಿಯೇ ಇತ್ತು.

ತಿರುಮೂರ್ತಿ ಬೆಟ್ಟದ ಬುಡದಲ್ಲಿ ನಿಂತರೆ ಹಂಚಿಕೊಳ್ಳುವಿಕೆಯ ಬೇರೊಂದು ಪಾಠ ಕಣ್ಣೆದುರಿಗೇ ಇದೆ. ಅಲ್ಲಿಯ ಅಣೆಕಟ್ಟಿನಲ್ಲಿ ನಿಂತಿರುವ ನೀರಿನ ಬಹುಪಾಲು ಆ ಹಳ್ಳದ್ದಲ್ಲ. ಪರಂಬಿಕುಳಂ-ಆಳಿಯಾರು ಯೋಜನೆಯಲ್ಲಿ, ಪಶ್ಚಿಮಕ್ಕೆ ಹರಿದು ಕೇರಳದ ಕಡಲು ಸೇರುತ್ತಿದ್ದ ನದಿಗಳ ನೀರನ್ನು ಸುರಂಗಗಳ ಮೂಲಕ ಈಚೆಗೆ ತಿರುಗಿಸಿ, ಸರ್ಕಾರ್‌ಪತಿಯ ವಿದ್ಯುದಾಗಾರ ದಾಟಿಸಿ, ಬೆಟ್ಟದ ಅಂಚನ್ನೇ ಹಿಡಿದು ಸಾಗುವ ಸುಮಾರು 49 ಕಿಲೋಮೀಟರಿನ ಕಾಲುವೆಯಲ್ಲಿ ಇಲ್ಲಿಗೆ ತಂದಿದ್ದಾರೆ. ಎರಡು ರಾಜ್ಯಗಳು 1970ರಲ್ಲಿ ಸಹಿ ಹಾಕಿದ ಒಪ್ಪಂದ ಇದರ ಆಧಾರ. ಇಲ್ಲಿಂದ ಮುಂದೆ ಅಚ್ಚುಕಟ್ಟು ಪ್ರದೇಶವನ್ನು ಮಂಡಲಗಳಾಗಿ ವಿಂಗಡಿಸಿ ಸರದಿಯಂತೆ ನೀರು ಬಿಡುತ್ತಾರೆ. ಒಂದು ಮಂಡಲದ ಹೊಲ ಹಸುರಾಗಿರುವಾಗ ಇನ್ನೊಂದು ಮಂಡಲದವರು ತಮ್ಮ ಸರದಿಗಾಗಿ ಕಾಯುತ್ತಾರೆ. ಜಗಳವಿಲ್ಲವೆಂದಲ್ಲ, ಜಗಳವಾಡಲು ಒಂದು ಕಟ್ಟಳೆಯಿದೆ.

ಮೇಲೆ ಜಲಪಾತದಲ್ಲಿಯೂ ಸರದಿಯೇ. ಕಬ್ಬಿಣದ ಕಂಬಿ ಹಿಡಿದು ಹತ್ತಾರು ಜನ ನೀರಿನಡಿ ನಿಂತಿರುತ್ತಾರೆ, ಹಿಂದೆ ಅದಕ್ಕಿಂತ ಹೆಚ್ಚು ಜನ ನಡುಗುತ್ತ ಕಾದಿರುತ್ತಾರೆ. ಬಂಡೆಯಿಂದ ಧುಮುಕುವ ನೀರು ಹೆಗಲಿಗೆ ಗುದ್ದಿದಂತೆ ಬೀಳುತ್ತದೆ; ಆರು ದಿನ ಯಂತ್ರದ ಮುಂದೆ ಬಾಗಿ ಸೆಟೆದ ಬೆನ್ನಿಗೆ ಆ ಗುದ್ದೇ ಮದ್ದು. ಮೂಲಿಕೆಗಳ ಕಾಡಿನಲ್ಲಿ ಹರಿದು ಬಂದ ನೀರು ರೋಗ ಕಳೆಯುತ್ತದೆ ಎಂಬ ನಂಬಿಕೆಯೂ ಜನರಲ್ಲಿದೆ. ಹೊರಗೆ ಬರಲೊಲ್ಲದ ಮೊಮ್ಮಗಳನ್ನು ಅಜ್ಜಿಯೊಬ್ಬಳು ಕೈಹಿಡಿದೆಳೆಯುತ್ತಾಳೆ: “ಸಾಕು ಬಾ ಮಗಾ, ಹಿಂದಿರೋರಿಗೂ ಬಿಡು.” ರ್ಯೋಕಾನಿನ ಗೋಡೆಯ ಮೇಲೆ ಬರೆದು ಅಂಟಿಸುವ ನಿಯಮಗಳ ತಾತ್ಪರ್ಯ ಆ ಒಂದು ಮಾತಿನಲ್ಲಿದೆ.

ಆದರೆ ಎಲ್ಲರೂ ಆ ಅಜ್ಜಿಯಂತಿರುವುದಿಲ್ಲ. ನೀರಿನಡಿಯೇ ಶಾಂಪೂ ಪೊಟ್ಟಣ ಹರಿದು ತಲೆ ತಿಕ್ಕುವವರಿದ್ದಾರೆ. ಖಾಲಿ ಪೊಟ್ಟಣ ಬಂಡೆಯ ಸಂದಿಗೆ ಸೇರುತ್ತದೆ, ನೊರೆ ಹಳ್ಳ ಹಿಡಿದು ಕೆಳಗಿನ ಗುಡಿಯವರೆಗೂ ಹೋಗುತ್ತದೆ. ಉಟ್ಟ ಬಟ್ಟೆಯನ್ನು ಹರಕೆಯೆಂದು ನೀರಿಗೆ ಬಿಟ್ಟು ಬರುವವರೂ ಇದ್ದಾರೆ. ಬಣ್ಣದ ಕಾರ್ಖಾನೆ ನದಿಯನ್ನು ಕೆಡಿಸಿತೆಂದು ಬಸ್ಸಿನಲ್ಲಿ ಬೈದುಕೊಂಡು ಬಂದವರೇ ಇಲ್ಲಿ ಹಾಗೆ ಮಾಡುವುದುಂಟು. ಪ್ರಮಾಣ ಬೇರೆ, ನಿಜ. ಹಿಂದಿರುವವರ ನೆನಪಿಲ್ಲದಿರುವುದು ಎರಡರಲ್ಲಿಯೂ ಸಮಾನ.

ಹೋಗಬಯಸುವವರಿಗೆ ನಾಲ್ಕು ಮಾತು. ಕಾಡಿನ ಮೇಲ್ಭಾಗದಲ್ಲಿ ಮಳೆಯಾದರೆ ಕೆಳಗೆ ಬಿಸಿಲಿದ್ದರೂ ಪ್ರವಾಹ ಹಠಾತ್ತನೆ ಬರುತ್ತದೆ; ಆಗ ಸ್ನಾನಕ್ಕೆ ತಡೆ ಹಾಕುತ್ತಾರೆ, ಅದನ್ನು ಮೀರಬಾರದು. ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಆಷಾಢದ ಅಮಾವಾಸ್ಯೆಗೂ ಮಹಾಶಿವರಾತ್ರಿಗೂ ಸುತ್ತಲಿನ ಹಳ್ಳಿಗಳೇ ಅಲ್ಲಿ ನೆರೆಯುವುದರಿಂದ, ನಿಧಾನವಾಗಿ ಮೀಯಬೇಕೆನ್ನುವವರು ಬೇರೆ ದಿನ ಆರಿಸಿಕೊಳ್ಳಬೇಕು. ಒಂದು ರಾತ್ರಿ ತಂಗುವುದಾದರೆ ಉಡುಮಲೆಯ ವಸತಿಗೃಹಗಳೇ ಅನುಕೂಲ. ತಿಂಡಿಯ ಚೀಲವನ್ನು ಕೋತಿಗಳ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳಬೇಕು. ಸೋಪು, ಶಾಂಪೂಗಳನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು. ಮೈಯ ಕೊಳೆ ತೊಳೆದುಕೊಂಡೇ ಬೆಟ್ಟ ಹತ್ತಿದರೆ ಇನ್ನೂ ಒಳ್ಳೆಯದು.

ಸಂಜೆಯ ಬಸ್ಸು ತಿರುಪ್ಪೂರಿಗೆ ಮರಳಿ, ನೊಯ್ಯಲಿನ ಸೇತುವೆಯ ಮೇಲೆ ಸಾಗುವಾಗ ಕತ್ತಲಾಗಿರುತ್ತದೆ. ಒದ್ದೆ ಟವೆಲನ್ನು ಮಡಿಲಲ್ಲಿಟ್ಟುಕೊಂಡ ಮಕ್ಕಳು ನಿದ್ದೆ ಹೋಗಿರುತ್ತಾರೆ. ಈ ಊರಿನ ಹಿರಿಯರಲ್ಲಿ ಇದೇ ನದಿಯಲ್ಲಿ ಮಿಂದ ನೆನಪುಳ್ಳವರು ಇನ್ನೂ ಇದ್ದಾರೆ. ಅವರು ಮಿಂದ ನೀರು ಮೊಮ್ಮಕ್ಕಳ ಸರದಿ ಬರುವವರೆಗೆ ಉಳಿಯಲಿಲ್ಲ. ತಿರುಮೂರ್ತಿ ಬೆಟ್ಟದ ನೀರಾದರೂ ಉಳಿದೀತೇ ಎಂಬುದು, ಮುಂದಿನ ಭಾನುವಾರ ಚೀಲ ಕಟ್ಟುವಾಗ ಏನನ್ನು ಹೊರಗಿಡುತ್ತೇವೆ ಎಂಬುದರಿಂದಲೂ ನಿಶ್ಚಯವಾಗುತ್ತದೆ.